ರೈಲು ಸೇತುವೆಯ ಕೆಳಗಿನ ಮೂರು ಗೂಡು

ನೀರಿಗೆ ಕೈ ಇಟ್ಟ ಕೂಡಲೇ ನೋರೀನ್‌ಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಅಂಗಿಯ ತೋಳು ಮಡಚಿ ಕೈಯನ್ನು ಮೊಣಕೈವರೆಗೂ ಇಳಿಬಿಟ್ಟಳು. ಅಣೆಕಟ್ಟಿಗೆ ಇಷ್ಟು ಹತ್ತಿರದಲ್ಲಿ, ಹೊರಗೆ ಎಂಥ ಬೇಸಿಗೆಯಿರಲಿ, ನದಿಯಲ್ಲಿ ಹೀಗೆ ಕೈ ಇಟ್ಟರೆ ಬೆರಳ ಗೆಣ್ಣುಗಳು ನೋಯಬೇಕು. ಸ್ವಲ್ಪ ಹೊತ್ತಿಗೆಲ್ಲ ಕೈ ತಾನಾಗಿಯೇ ಮೇಲೆದ್ದು ಬರಬೇಕು. ಇವತ್ತು ಅದು ನೀರಿನಲ್ಲಿ ಹಾಯಾಗಿತ್ತು. ಆಗಸ್ಟಿನ ಕೊನೆ, ಬೆಟ್ಟದಲ್ಲೆಲ್ಲೋ ಕಾಡು ಉರಿಯುತ್ತಿದ್ದ ಹೊಗೆ ಕಣಿವೆಗಿಳಿದು ಬೆಳಗಿನ ಸೂರ್ಯ ತಾಮ್ರದ ಬಣ್ಣಕ್ಕೆ ತಿರುಗಿದ್ದ, ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ನೀರಿಗೆ ಮುಖವನ್ನೂ ಒಡ್ಡಿ ಸುಖಪಡುತ್ತಿದ್ದರು. ನೋರೀನ್ ಮಾತ್ರ ದೋಣಿಯ ಅಂಚಿಗೆ ಒರಗಿ, ಒಂದು ವೇಳೆ ತನಗೇ ಜ್ವರವಿರಬಹುದೇ, ಐವತ್ತು ದಾಟಿದ ಹೆಂಗಸಿನ ಮೈಬಿಸಿಯೇ ಹೀಗೆ ಮೋಸ ಮಾಡುತ್ತಿರಬಹುದೇ ಎಂದೆಲ್ಲ ನೆಪ ಹುಡುಕುತ್ತ ಕೂತಳು. ಪಕ್ಕದಲ್ಲೇ ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರ್ ಇತ್ತು. ಅದನ್ನು ಇಳಿಬಿಡುವ ಮನಸ್ಸಾಗಲಿಲ್ಲ.

"ಏನೇ, ಕೈ ತೊಳೀತಿದೀಯೋ, ಪ್ರಾರ್ಥನೆ ಮಾಡ್ತಿದೀಯೋ?" ಎಂದಳು ಹಿಂದೆ ಕೂತು ಮೋಟಾರು ನಡೆಸುತ್ತಿದ್ದ ಅರ್ಲೀನ್.

"ನೀರು ಬೆಚ್ಚಗಿದೆ ಕಣೇ."

"ಬೆಚ್ಚಗಿರದೆ ಇನ್ನೇನು. ಆ ಕಡ್ಡಿ ಇಳಿಬಿಡು. ನಿನ್ನ ಕೈ ಹೇಳಿದ್ನ ಸಭೇಲಿ ಯಾರು ಕೇಳ್ತಾರೆ?"

ಕಡ್ಡಿ ಐವತ್ತೆಂಟೂವರೆ ತೋರಿಸಿತು. ಐವತ್ತಾರು ಫ್ಯಾರನ್‌ಹೀಟ್ ದಾಟಿದರೆ ಜಲ್ಲಿಯೊಳಗಿನ ಮೊಟ್ಟೆಗಳು ಒಂದೊಂದಾಗಿ ಬೆಳ್ಳಗಾಗುತ್ತವೆ. ಒಳಗೆ ಎರಡು ಕಪ್ಪು ಕಣ್ಣು ಮೂಡಿದ್ದರೂ ಬಿಡುವುದಿಲ್ಲ, ಆ ಕಣ್ಣುಗಳೇ ಮಂಜಾಗಿಬಿಡುತ್ತವೆ. ಚಳಿಗಾಲದಲ್ಲಿ ಕಡಲಿನಿಂದ ನದಿ ಹತ್ತಿ ಬರುವ ಈ ಸಾಲ್ಮನ್ ಮೀನಿಗೆ ಬುದ್ಧಿ ಇಲ್ಲವೆಂದು ಊರಿನವರು ನಗುತ್ತಾರೆ, ಇಷ್ಟೆಲ್ಲ ತಿಂಗಳಿರುವಾಗ ಉರಿಬೇಸಿಗೆಯಲ್ಲೇ ಮೊಟ್ಟೆ ಇಡಬೇಕೇ ಎಂದು. ಅಣೆಕಟ್ಟು ಇಲ್ಲದ ಕಾಲದಲ್ಲಿ ಅದು ಹಿಮಪರ್ವತದ ಬುಡದ ಒರತೆಗಳವರೆಗೆ ಹೋಗುತ್ತಿತ್ತು, ಅಲ್ಲಿ ಬೇಸಿಗೆ ಎಂಬುದೇ ಇರಲಿಲ್ಲ. ಈಗ ಗೋಡೆಗೆ ತಲೆ ಬಡಿದು, ಅದರ ಕೆಳಗಿನ ಬಿಸಿಲಲ್ಲೇ ಬಾಲದಿಂದ ಜಲ್ಲಿ ತೋಡಿ ಗೂಡು ಮಾಡುತ್ತದೆ. ಅಣೆಕಟ್ಟಿನಿಂದ ತಣ್ಣೀರು ಬಿಡುತ್ತೇವೆ ಎಂದು ಮನುಷ್ಯರು ಮಾತು ಕೊಟ್ಟಿದ್ದಾರೆ. ಮೀನಿಗೆ ಆ ಮಾತು ಗೊತ್ತಿಲ್ಲ, ಆದರೂ ಅದರ ಮೇಲೆಯೇ ಮೊಟ್ಟೆ ಇಟ್ಟು ಸಾಯುತ್ತದೆ. ಅಕ್ಟೋಬರ್ ಮೊದಲ ವಾರದವರೆಗೆ ನೀರು ತಣ್ಣಗಿದ್ದರೆ ಸಾಕು, ಬಹುಪಾಲು ಮರಿಗಳು ಜಲ್ಲಿಯಿಂದ ಮೇಲೆದ್ದಿರುತ್ತವೆ. ಅಣೆಕಟ್ಟಿನಿಂದ ನೀರು ಬಿಡುವ ಕೆಲಸ ನೋಡಿಕೊಳ್ಳುವ ಮರ್ವಿನ್ ಅಷ್ಟನ್ನೇ ಹೇಳಿದ್ದ. ಅಕ್ಟೋಬರ್‌ವರೆಗೆ ಒಂದು ತೊಟ್ಟೂ ಕಮ್ಮಿ ಆಗಲ್ಲ, ನಾನಿದೀನಿ, ಎಂದಿದ್ದ.

"ಅಲ್ಲಿ ಒಂದಿದೆ," ಎಂದು ಅರ್ಲೀನ್ ದೋಣಿ ತಿರುಗಿಸಿದಳು. ಬಾಗಿದ ವಿಲ್ಲೋ ಗಿಡದ ಬೇರಿಗೆ ಸಿಕ್ಕಿಕೊಂಡು ಸತ್ತ ಹೆಣ್ಣುಮೀನು ತೇಲುತ್ತಿತ್ತು. ನೋರೀನ್ ಕೊಕ್ಕೆ ಹಾಕಿ ಎಳೆದಳು. ಬಾಲದ ತುದಿ ಜಲ್ಲಿ ತೋಡಿ ತೋಡಿ ಸವೆದು ಬೆಳ್ಳನೆ ಎಲುಬು ಕಾಣುತ್ತಿತ್ತು. ಹೊಟ್ಟೆ ಸೀಳಿದರೆ ಒಳಗೆ ಏನೂ ಇಲ್ಲ, ಎಲ್ಲವನ್ನೂ ಇಟ್ಟು ಮುಗಿಸಿದೆ. ಒಳ್ಳೆಯದು ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಇವತ್ತು ಹೇಳಲಿಲ್ಲ. ಉದ್ದ ಅಳೆದು ಕೂಗಿದಳು, ಅರ್ಲೀನ್ ಬರೆದುಕೊಂಡಳು. ಆಮೇಲೆ ಮಚ್ಚು ಎತ್ತಿ ನಡುವಿಗೆ ಒಂದೇಟು. ಎಣಿಸಿದ ಮೀನನ್ನು ಎರಡು ತುಂಡು ಮಾಡಿಯೇ ನೀರಿಗೆ ಬಿಡಬೇಕು, ನಾಳೆ ಇನ್ನೊಂದು ದೋಣಿಯವರು ಅದನ್ನೇ ಮತ್ತೆ ಎಣಿಸಬಾರದಲ್ಲ. ಹೊಸದರಲ್ಲಿ ನೋರೀನ್‌ಗೆ ಈ ಕೆಲಸವಾದ ರಾತ್ರಿ ಊಟ ಸೇರುತ್ತಿರಲಿಲ್ಲ. ಸಾವಿರಾರು ಮೈಲಿ ಈಜಿ ಬಂದು, ಇಡುವುದನ್ನೆಲ್ಲ ಇಟ್ಟು ಸತ್ತವಳಿಗೆ ಕಡೆಗೆ ಸಿಗುವ ಮರ್ಯಾದೆ ಇದೇ ಏನು ಎಂದು ಕೇಳಿದಾಗ ಅರ್ಲೀನ್, "ಎಣಿಸಿದ್ವಲ್ಲ, ಅದೇ ಮರ್ಯಾದೆ. ನಮ್ಮ ಅಜ್ಜಿಯರನ್ನ ಅದೂ ಮಾಡ್ಲಿಲ್ಲ ನಿಮ್ಮೋರು," ಎಂದಿದ್ದಳು. ಹೇಳಿ ನಕ್ಕಿದ್ದಳು. ಅರ್ಲೀನ್, ಬಿಳಿಯರು ಬರುವ ಮೊದಲೇ ಇಲ್ಲಿದ್ದ, ನದಿಯ ಮೂಲ ಜನರವಳು. ಅವಳ ಬುಡಕಟ್ಟು ಎಷ್ಟೋ ವರ್ಷ ಕೋರ್ಟು ಕಚೇರಿ ಅಲೆದು ಈ ಎಣಿಕೆಯ ದೋಣಿಯಲ್ಲಿ ಒಂದು ಜಾಗ ಗಿಟ್ಟಿಸಿಕೊಂಡಿತ್ತು. ಆ ಜಾಗದಲ್ಲಿ ಎಂಟೊಂಬತ್ತು ವರ್ಷದಿಂದ ಕೂತಿರುವವಳು ಅವಳೇ. ಇವರಿಬ್ಬರೂ ಗಂಡಂದಿರ ಜೊತೆ ಕಳೆದದ್ದಕ್ಕಿಂತ ಹೆಚ್ಚು ಬೆಳಗುಗಳನ್ನು ಒಬ್ಬರಿಗೊಬ್ಬರು ಬೆನ್ನು ಹಾಕಿ ಈ ದೋಣಿಯಲ್ಲಿ ಕಳೆದಿದ್ದಾರೆ.

ತುಂಡುಗಳು ಬೇರೆ ಬೇರೆ ದಿಕ್ಕಿಗೆ ತೇಲಿಹೋದವು. ಹಾಗೆ ನೋಡಿದರೆ ಜುಲೈಯಲ್ಲೇ ತಿಳಿಯಬೇಕಿತ್ತು ಎಂದು ನೋರೀನ್ ತನ್ನನ್ನು ತಾನೇ ಹಳಿದುಕೊಂಡಳು. ಜುಲೈಯಲ್ಲಿ ಒಂದು ದಿನ ನದಿ ದಿಢೀರನೆ ಮೊಣಕಾಲುದ್ದ ಏರಿತ್ತು, ಅವಳು ಫೋನು ಮಾಡಿದ್ದಳು, ಮರ್ವಿನ್ ನಕ್ಕಿದ್ದ. "ಊರೆಲ್ಲಾ ಏಸಿ ಹಾಕ್ಕೊಂಡು ಕೂತಿದೆ ನೋರಿ, ಕರೆಂಟು ಬೇಡ್ವಾ? ನಾಲ್ಕು ದಿನ ಅಷ್ಟೆ." ನಾಲ್ಕು ದಿನ ಕಳೆದರೂ ನೀರು ಇಳಿಯಲಿಲ್ಲ, ಅವಳು ಮತ್ತೆ ಫೋನು ಮಾಡಲಿಲ್ಲ. ಪದೇಪದೇ ಕೇಳಿದರೆ ಅನುಮಾನ ಪಟ್ಟಂತಾಗುತ್ತದಲ್ಲ ಎಂಬ ಸಂಕೋಚ. ಅವನ ಮೇಲೆ ಅನುಮಾನವೇ? ಈ ಕಣಿವೆಗೆ ಮೊದಲ ಸಲ ಬಂದಾಗ ಅವಳನ್ನು ಅಣೆಕಟ್ಟಿನ ಒಳಗೆ ಇಳಿಸಿ, ಬೆವರುತ್ತಿದ್ದ ಸಿಮೆಂಟು ಗೋಡೆಗೆ ಅವಳ ಅಂಗೈ ಒತ್ತಿಸಿ ತೋರಿಸಿದವನು ಅವನು. "ಇದು ಒಂದು ನೀರಲ್ಲ ಹುಡುಗಿ, ಎರಡು. ಮೇಲಿಂದು ದೋಣಿ ಆಡೋರಿಗೆ. ಅಡಿಯಲ್ಲಿರೋದು ಹಿಮ ಕರಗಿದ್ದು, ನಿನ್ನ ಮೀನಿಂದು. ಗೋಡೆ ಮೇಲೆ ಎತ್ತರಕ್ಕೊಂದು ಗೇಟಿದೆ. ವಸಂತದಲ್ಲಿ ಮೇಲಿನ ಗೇಟು ತೆಗೆದು ಬೆಚ್ಚನೇ ನೀರು ಬಿಟ್ಟು ಅಡಿಯಲ್ಲಿರೋದನ್ನ ಕೂಡಿಡಬೇಕು, ಬಿಸಿಲು ಏರಿದ ಹಾಗೆ ಒಂದೊಂದೇ ಗೇಟು ಕೆಳಗಿಳಿಬೇಕು. ಅಡಿ ಗೇಟು ತೆಗೆದ್ಮೇಲೆ ಇನ್ನೇನೂ ಇಲ್ಲ, ಕೈ ಎತ್ತಿಬಿಡೋದೇ." ಅವಳ ಕೈ ಜೋಮು ಹಿಡಿಯುವವರೆಗೆ ಒತ್ತಿಸಿಕೊಂಡೇ ಇದ್ದ. ಅಪ್ಪ ಸತ್ತ ವರ್ಷ ಅದು. ಯಾರಾದರೂ ಹೀಗೆ ಕೈ ಹಿಡಿದು ಒಂದು ವಿಷಯ ಹೇಳಿಕೊಟ್ಟು ಎಷ್ಟು ಕಾಲವಾಯಿತು ಎನ್ನಿಸಿ ಅವಳ ಕಣ್ಣು ತುಂಬಿತ್ತು. ಅವನು ಅದನ್ನು ತಣ್ಣನೆಯ ಗಾಳಿಗೆ ಬಂದ ನೀರು ಎಂದುಕೊಂಡ.

ಇದನ್ನೆಲ್ಲ ಅರ್ಲೀನ್‌ಗೆ ಹೇಳಿದರೆ, "ಅಡಿಯಲ್ಲಿರೋದು ನಿನ್ನ ಮೀನಿಂದೂ ಅಲ್ಲ, ಅವನ ಅಪ್ಪಂದೂ ಅಲ್ಲ. ಅದು ನಮ್ಮಜ್ಜಿ ಅಡುಗೆಮನೆ ಮೇಲೆ ನಿಂತಿರೋ ನೀರು," ಎನ್ನುತ್ತಾಳೆ. ಅದೂ ನಿಜವೇ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಅವರ ಹಳ್ಳಿಗಳು, ಗೋರಿಗಳು ಎಲ್ಲ ಅಲ್ಲೇ ಅಡಿಯಲ್ಲಿವೆ.

ಜೂನಿನಲ್ಲಿ ರೈಲು ಸೇತುವೆಯ ಕೆಳಗೆ ಮೂರು ಗೂಡು ಸಿಕ್ಕಿದ್ದವು. ಉಳಿದ ಗೂಡುಗಳೆಲ್ಲ ಮೇಲಿನ ಕಡವಿನ ಆಚೀಚೆ, ಅಣೆಕಟ್ಟಿನ ಮಗ್ಗುಲಲ್ಲೇ. ಈ ಮೂರು ಹೆಣ್ಣುಗಳು ಮಾತ್ರ ಯಾವ ಹಟಕ್ಕೋ ಅಷ್ಟು ಕೆಳಗೆ, ಕಂಬದ ನೆರಳು ಬೀಳುವ ಕಡೆ, ಚಾಪೆಯಗಲದ ಹೊಳೆಯುವ ಜಲ್ಲಿ ಹರಡಿ ಗೂಡು ಮಾಡಿದ್ದವು. ನಿಯಮ ಬಹಳ ಸರಳ. ಎಲ್ಲಕ್ಕಿಂತ ಕೆಳಗಿನ ಗೂಡು ಎಲ್ಲಿದೆಯೋ ಅಲ್ಲಿಯವರೆಗೂ ನೀರು ತಣ್ಣಗಿರಬೇಕು. ದೂರ ಹೆಚ್ಚಾದಷ್ಟೂ ಬಿಸಿಲು ನೀರನ್ನು ಕಾಯಿಸುತ್ತದೆ, ಅಷ್ಟೂ ಹೆಚ್ಚು ತಣ್ಣೀರು ಸುರಿಯಬೇಕು. ಆ ಮೂರನ್ನು ಕಂಡೊಡನೆ ನೋರೀನ್‌ಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಅದನ್ನು ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ: ಮರ್ವಿನ್ ಬರುವ ಮೊದಲೇ, ಅವನು ಬಾಯಿ ಬಿಡುವ ಮೊದಲೇ, ಈ ಮೂರು ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೇ ಅನ್ನಿಸಿಬಿಟ್ಟಿತ್ತು. ಮಧ್ಯಾಹ್ನ ಅವನು ದಂಡೆಗೆ ಬಂದ, ಕಾಗದದ ಲೋಟದಲ್ಲಿ ಕಾಫಿ ಹಿಡಿದು, ಪ್ಯಾಂಟು ಒದ್ದೆಯಾದರೂ ಲೆಕ್ಕಿಸದೆ ಅವಳ ಪಕ್ಕ ನೀರಿಗಿಳಿದ.

"ಚೆಂದ ಇದಾವೆ," ಎಂದಿದ್ದ ಮೊದಲು. ಅದೇ ಅವಳನ್ನು ಗೆದ್ದದ್ದು. ಚೆಂದ ಎಂದನಲ್ಲ.

ಆಮೇಲೆ ಮೆಲ್ಲಗೆ, "ಇವನ್ನ ಉಳಿಸ್ಬೇಕು ಅಂದ್ರೆ ಸೆಪ್ಟೆಂಬರ್ ಹೊತ್ತಿಗೆ ಅಡಿಯಲ್ಲಿರೋದು ಖಾಲಿ ಆಗುತ್ತೆ ನೋರಿ. ಮೇಲಿರೋ ಸಾವಿರ ಗೂಡೂ ಹೋಗುತ್ತೆ, ಇವೂ ಹೋಗ್ತವೆ. ನೀನು ಇವನ್ನ ನೋಡ್ಲಿಲ್ಲ ಅಂತಿಟ್ಕೋ. ಉಳಿಯೋ ಅಷ್ಟೂ ತಣ್ಣೀರನ್ನ ನಾನು ಮುಚ್ಚಿಟ್ಟು ಕಾಯ್ತೀನಿ. ಅಕ್ಟೋಬರ್‌ವರೆಗೆ ಒಂದು ತೊಟ್ಟೂ ಕಮ್ಮಿ ಆಗಲ್ಲ. ನಾನಿದೀನಿ."

ಲೆಕ್ಕ ಸರಿಯಾಗಿಯೇ ಇತ್ತು. ಇವತ್ತು ಮತ್ತೆ ಹಾಕಿ ನೋಡಿದರೂ ಲೆಕ್ಕ ಸರಿಯಾಗಿಯೇ ಇದೆ, ಸಂಕಟವೇ ಅದು. ದಡ್ಡಿಯಂತೆ ಯಾವುದೋ ಸುಳ್ಳಿಗೆ ಬಲಿಬಿದ್ದಿದ್ದರೆ ಮನಸ್ಸಿಗೆ ಒಂದು ಸಮಾಧಾನವಿರುತ್ತಿತ್ತು. ಮರ್ವಿನ್ ಹೋದಮೇಲೆ ಅವಳು ಅರ್ಲೀನ್ ಕಡೆ ತಿರುಗಿ, ಅವಳ ಮುಖ ನೋಡದೆ, ಮೋಟಾರಿನ ಮುಚ್ಚಳ ನೋಡುತ್ತ, "ಇಲ್ಲಿ ನಾವೇನೂ ನೋಡಿಲ್ಲ, ಆಯ್ತಾ?" ಎಂದಳು. ಸೇತುವೆಯ ಮೇಲೆ ಗೂಡ್ಸು ರೈಲೊಂದು ಹೋಗುತ್ತಿತ್ತು, ಅದು ಮುಗಿಯುವವರೆಗೂ ಮಾತಾಡುವುದು ಸಾಧ್ಯವೇ ಇರಲಿಲ್ಲ, ಮುಗಿಯುವಷ್ಟರಲ್ಲಿ ಅರ್ಲೀನ್ ಮೋಟಾರು ಚಾಲೂ ಮಾಡಿಬಿಟ್ಟಿದ್ದಳು. ಆ ಮೂರು ಹೆಣ್ಣುಗಳಲ್ಲಿ ಒಂದು ಇನ್ನೂ ಬದುಕಿತ್ತು. ಗೂಡಿನ ಮೇಲೆಯೇ ಬಾಲ ಆಡಿಸುತ್ತ, ಬೇರೆ ಮೀನು ಬರದಂತೆ ಕಾವಲು ಕಾಯುತ್ತ, ದೋಣಿ ಮೇಲಿನಿಂದ ಹಾದುಹೋದರೂ ಜಾಗ ಬಿಡಲಿಲ್ಲ.

ಗುರುವಾರವಾದ್ದರಿಂದ ದೋಣಿಯನ್ನು ದಡ ಹತ್ತಿಸಿ, ಅರ್ಲೀನ್‌ಳ ಟ್ರಕ್ಕಿನ ಹಿಂದಿನ ಬಂಡಿಗೆ ಕಟ್ಟಿ, ಇಬ್ಬರೂ ನೇರ ಅಣೆಕಟ್ಟಿನ ಕಚೇರಿಗೆ ಹೋದರು. ಬೇಸಿಗೆಯಲ್ಲಿ ಪ್ರತಿ ಗುರುವಾರ ನೀರಿನ ಸಭೆ. ಒಳಗೆ ಏಸಿಯ ಚಳಿ ಎಷ್ಟಿತ್ತೆಂದರೆ ನೋರೀನ್‌ಗೆ ನಗು ಬಂತು: ಇದರ ಅರ್ಧದಷ್ಟು ಚಳಿ ನದಿಗೆ ಕೊಟ್ಟಿದ್ದರೆ. ಬಾಗಿಲ ಬಳಿ ಎರಡು ಕುರ್ಚಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಅವು ಇವರಿಬ್ಬರದು. ಮೀನಿನ ವಾಸನೆ ಬಟ್ಟೆಯ ಕುರ್ಚಿಗೆ ಹತ್ತಿದರೆ ಹೋಗುವುದಿಲ್ಲ ಎಂದು ಯಾರೋ ದೂರು ಕೊಟ್ಟಮೇಲೆ ಮರ್ವಿನ್‌ನೇ ಆ ಹಾಳೆ ತಂದು ಹಾಕಿದ್ದ, ತಮಾಷೆ ಮಾಡುತ್ತ ಮಾಡುತ್ತಲೇ. ಎಷ್ಟು ಚೆನ್ನಾಗಿ ತಮಾಷೆ ಮಾಡಿದ್ದನೆಂದರೆ ನೋರೀನ್ ಕೂಡ ನಕ್ಕಿದ್ದಳು, ಅರ್ಲೀನ್ ಒಬ್ಬಳನ್ನು ಬಿಟ್ಟು ಎಲ್ಲರೂ ನಕ್ಕಿದ್ದರು. ಕೂತರೆ ಹಾಳೆ ಪರಪರ ಎನ್ನುತ್ತದೆ. ಅದಕ್ಕೇ ಸಭೆ ನಡೆಯುವಷ್ಟು ಹೊತ್ತೂ ಅವಳು ಅಲುಗಾಡದೆ ಕೂರುವುದನ್ನು ಕಲಿತುಕೊಂಡಿದ್ದಾಳೆ.

ಮರ್ವಿನ್ ಎದ್ದು ಬಂದ. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದರೂ ನೆಟ್ಟಗಿದ್ದ, ಬಿಳಿ ಮೀಸೆ ಹೊಸದಾಗಿ ಕತ್ತರಿಸಿತ್ತು. ಪ್ರತಿ ಗುರುವಾರದ ಹಾಗೆ ಡೋನಟ್ ಡಬ್ಬಿ ತಂದಿದ್ದ. ಪ್ರತಿ ಗುರುವಾರದ ಹಾಗೆ ಮೇಪಲ್ ಪಾಕ ಸವರಿದ ಉದ್ದನೆಯದೊಂದನ್ನು ಬೇರೆಯವರ ಕೈಗೆ ಸಿಗದಂತೆ ಕಾಗದದಲ್ಲಿ ಸುತ್ತಿ ಇವಳಿಗಾಗಿ ಇಟ್ಟಿದ್ದ.

"ತಗೋ, ಕಾಳಜಿಯಿಂದ ಕಾಪಾಡಿದೀನಿ. ಅಲ್ಲಿ ಕೂತಿರೋ ದಕ್ಷಿಣದ ಕಾಲುವೆಯೋನು ಮೂರು ಸಲ ಕಣ್ಣು ಹಾಕ್ದ."

"ಮರ್ವಿನ್, ನೀರು ಐವತ್ತೆಂಟೂವರೆ ಇದೆ."

"ಗೊತ್ತು. ತಿನ್ನು ಮೊದ್ಲು. ಮುಖ ನೋಡು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ತಿಂದಿರಲಿಲ್ಲ. ಅವನು ಹೇಳಿದ್ದು ನಿಜವಾದ್ದರಿಂದ ಅವಳು ತಿನ್ನತೊಡಗಿದಳು.

ಸಭೆ ನಡೆಸುತ್ತಿದ್ದವಳು ರಾಜಧಾನಿಯ ಕಚೇರಿಯಿಂದ ಬಂದ ಗ್ವೆನ್ ಎಂಬ ಹೆಂಗಸು. ಬೇಗ ಬೇಗ ಮಾತಾಡುವವಳು, ಕೆಟ್ಟವಳೇನಲ್ಲ. ನೀರಿನ ಮಟ್ಟ, ಕರೆಂಟು, ಭತ್ತ ಬೆಳೆಯುವವರ ದೂರು ಎಲ್ಲ ಮುಗಿಸಿ, ಈಗ ಮೀನಿನ ವಿಚಾರ ಎಂದಳು. ಅಡಿ ಗೇಟನ್ನು ಹೋದ ವಾರವೇ ತೆರೆದಾಗಿದೆ. ಇನ್ನು ಅದಕ್ಕಿಂತ ಕೆಳಗೆ ಗೇಟಿಲ್ಲ. ಹೊಗೆ ಮೋಡದ ಹಾಗೆ ನಿಂತು ಬಿಸಿಲು ತಡೆದರೆ ನಮ್ಮ ಅದೃಷ್ಟ. ನೋರೀನ್ ಅಗಿಯುವುದನ್ನು ನಿಲ್ಲಿಸಿದಳು. ಹೋದ ವಾರವೇ? ಮೊನ್ನೆ ಫೋನಿನಲ್ಲಿ ತನ್ನ ಮೊಮ್ಮಗಳ ಹಲ್ಲು ಬಿದ್ದ ಕತೆ ಹೇಳಿದ ಮನುಷ್ಯ ಇದನ್ನು ಹೇಳಲಿಲ್ಲವಲ್ಲ.

"ಇನ್ನೊಂದು ಮಾತು," ಎಂದಳು ಗ್ವೆನ್, ಇವಳ ಕಡೆ ನೋಡಿ ನಗುತ್ತ. "ಈ ವರ್ಷ ನಮಗೆ ದೊಡ್ಡ ಅನುಕೂಲ ಮಾಡಿಕೊಟ್ಟಿದ್ದು ನೋರೀನ್ ಅವರ ಎಣಿಕೆ. ರೈಲು ಸೇತುವೆ ಹತ್ರ ಒಂದು ಗೂಡೂ ಇಲ್ಲ ಅಂತ ಖಾತ್ರಿ ಆಗಿದ್ದಕ್ಕೇ ಮೇಲಿನ ಕಡವಿನವರೆಗೆ ತಣ್ಣಗಿದ್ರೆ ಸಾಕು ಅಂತ ತೀರ್ಮಾನ ಆಯ್ತು. ಉಳಿದ ನೀರನ್ನ ಹೆಚ್ಚುವರಿ ಅಂತ ತೋರಿಸಿ ಜುಲೈಯಿಂದ ನದೀಲಿ ಹರಿಸಿ ದಕ್ಷಿಣದ ಕಾಲುವೆಗೆ ಕೊಡೋಕೆ ಸಾಧ್ಯ ಆಯ್ತು. ಲೆಕ್ಕ ಎಲ್ಲಾ ಮರ್ವಿನ್ ಅವರದ್ದು. ಇಬ್ಬರಿಗೂ ಒಂದು ಚಪ್ಪಾಳೆ."

ಚಪ್ಪಾಳೆ ಬಿತ್ತು. ಕಾಲುವೆಯವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ನೋರೀನ್‌ಳ ಬಾಯಿ ತುಂಬ ಸಿಹಿ ಹಿಟ್ಟು ಇತ್ತು, ನುಂಗಲೂ ಆಗಲಿಲ್ಲ ಉಗಿಯಲೂ ಆಗಲಿಲ್ಲ; ಹೊಗಳಿಸಿಕೊಂಡವರು ಹೇಗೆ ತಲೆ ತಗ್ಗಿಸುತ್ತಾರೋ ಹಾಗೆಯೇ ಅವಳ ತಲೆಯೂ ತಾನಾಗಿ ತಗ್ಗಿತು. ಹೆಚ್ಚುವರಿ. ಸಾವಿರ ಗೂಡಿಗೆಂದು ಮೂರನ್ನು ಬಿಟ್ಟುಕೊಟ್ಟು ಕೂಡಿಟ್ಟ ನೀರಿಗೆ ಆ ಹೆಸರು. ಅವಳು ಮರ್ವಿನ್ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಬಹುದು ಎಂದುಕೊಂಡಿದ್ದಳು. ತಪ್ಪಿಸಲಿಲ್ಲ. ಕಾಗದದ ಲೋಟ ಎತ್ತಿ, ಮದುವೆಮನೆಯಲ್ಲಿ ದೂರದ ಮೇಜಿನಿಂದ ಕ್ಷೇಮ ವಿಚಾರಿಸುವವರ ಹಾಗೆ, ತಲೆ ಆಡಿಸಿದ. ಅವನ ಪಾಲಿಗೆ ಇಲ್ಲಿ ನಾಚುವಂಥದ್ದೇನೂ ನಡೆದಿರಲಿಲ್ಲ. ಸೇತುವೆಯ ಕೆಳಗೆ ಪ್ಯಾಂಟು ಒದ್ದೆ ಮಾಡಿಕೊಂಡು ನಿಂತಾಗಲೇ ಕಾಲುವೆ ಅವನ ತಲೆಯಲ್ಲಿತ್ತೇ? ಚೆಂದ ಎಂದದ್ದು? ಇಲ್ಲ, ಆಗ ಅವನು ನಿಜವನ್ನೇ ಹೇಳಿದ್ದ, ಜುಲೈಯಲ್ಲಿ ಯಾರೋ ಮೇಲಿನವರು ಕೇಳಿದರು, ಇವನು ಕೊಟ್ಟ, ಅಷ್ಟೇ ಇರಬೇಕು. ಹಾಗೆ ಅಂದುಕೊಂಡರೆ ಇನ್ನೂ ಹೆಚ್ಚು ಉರಿಯಿತು. ಮೋಸ ಮಾಡುವುದಕ್ಕೂ ಅವಳು ಅವನಿಗೆ ನೆನಪಾಗಲಿಲ್ಲ.

"ಕಾಲುವೆಗೆ ಇನ್ನೂ ಎಷ್ಟು ದಿನ ಬಿಡ್ತೀರಾ?" ಎಂದು ಕೇಳಿದಳು. ಹಾಳೆ ಪರಪರ ಎಂದಿತು.

"ಸೆಪ್ಟೆಂಬರ್ ಮಧ್ಯದವರೆಗೆ ಒಪ್ಪಂದ ಇದೆ."

ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅಡಿಯಲ್ಲಿ ಏನೂ ಉಳಿದಿರುವುದಿಲ್ಲ. ಜುಲೈಯಲ್ಲಿ ಇಟ್ಟ ಮೊಟ್ಟೆಗಳು ಆಗಷ್ಟೇ ಒಡೆದು ಮರಿಗಳು ಇನ್ನೂ ಜಲ್ಲಿಯೊಳಗೇ ಇರುತ್ತವೆ. ಇವತ್ತು ನಿಲ್ಲಿಸಿದರೆ ಅರ್ಧವಾದರೂ ಬದುಕಬಹುದು. ನಿಲ್ಲಿಸಲು ದಾರಿ ಒಂದೇ ಇದೆ, ಅದು ಅವಳ ಬಾಯಲ್ಲಿದೆ: ಸೇತುವೆಯ ಕೆಳಗೆ ಗೂಡಿತ್ತು ಎಂದರೆ ಆ ತೀರ್ಮಾನವೇ ಬಿದ್ದುಹೋಗುತ್ತದೆ, ಹೆಚ್ಚುವರಿ ಎಂಬುದೇ ಇರುವುದಿಲ್ಲ, ಕಾಲುವೆಯ ಬಾಗಿಲು ಈ ಸಂಜೆಯೇ ಮುಚ್ಚಬೇಕಾಗುತ್ತದೆ. ಕೆಲಸ ಹೋಗುತ್ತದೆ, ಹೋಗಲಿ. ಸುಳ್ಳು ಎಣಿಕೆ ಕೊಟ್ಟವಳು ಎಂದು ನಾಳೆ ಪತ್ರಿಕೆಯವರು ಬರೆಯುತ್ತಾರೆ, ಬರೆಯಲಿ. ಇಷ್ಟು ಸಲೀಸಾಗಿ ಹೋಗಲಿ ಹೋಗಲಿ ಎನ್ನುತ್ತಿರುವವಳು ತಾನೇನಾ ಎಂದು ಅವಳಿಗೇ ಅನುಮಾನ ಬಂತು. ಮೀನಿನ ಮೇಲಿನ ಪ್ರೀತಿಯೋ, ಅಲ್ಲಿ ಕೂತು ಕಾಫಿ ಕುಡಿಯುತ್ತಿರುವವನ ಬಿಳಿ ಮೀಸೆಯ ಮೇಲಿನ ಸಿಟ್ಟೋ? ಎರಡನ್ನೂ ಬೇರೆ ಮಾಡುವಷ್ಟು ವ್ಯವಧಾನವಿರಲಿಲ್ಲ. ಬಾಯಲ್ಲಿದ್ದುದನ್ನು ನುಂಗಿ ಎದ್ದು ನಿಂತಳು.

"ಮೂರು ಗೂಡಿದ್ವು. ಸೇತುವೆ ಕೆಳಗೆ. ಜೂನಲ್ಲಿ ನಾನೇ ಕಣ್ಣಾರೆ ನೋಡ್ದೆ. ಬರೀಲಿಲ್ಲ."

ಗ್ವೆನ್ ಪೆನ್ನು ಕೆಳಗಿಟ್ಟಳು. "ನೀವೇನು ಹೇಳ್ತಿದೀರಿ ಅಂತ ನಿಮಗೆ ಗೊತ್ತಿದೆಯಾ? ಹಾಗಿದ್ರೆ ನಾನು ಇವತ್ತೇ ಕಾಲುವೆ ನಿಲ್ಲಿಸಬೇಕಾಗುತ್ತೆ. ಯಾಕೆ ಬರೀಲಿಲ್ಲ?"

"ಬರೀಬೇಡ ಅಂದ. ಮರ್ವಿನ್. ನೀರು ಕೂಡಿಟ್ಟು ಕಾಯ್ತೀನಿ ಅಂದ."

ಎಲ್ಲರೂ ಅವನ ಕಡೆ ತಿರುಗಿದರು. ಅವನು ಕೂಗಾಡಲಿಲ್ಲ. ಮಗುವೊಂದು ಎಲ್ಲರೆದುರು ಬಿದ್ದುಬಿಟ್ಟರೆ ಮನೆಯ ಹಿರಿಯರು ಹೇಗೆ ಏಳುತ್ತಾರೋ ಹಾಗೆ ಎದ್ದ. "ನೋರೀನ್ ಎಷ್ಟು ಬಳಲಿದಾಳೆ ನೋಡಿ. ಬೆಳಕು ಹರಿಯೋ ಮೊದ್ಲಿಂದ ದೋಣೀಲಿದಾಳೆ, ಹೊಗೆ ಕುಡ್ಕೊಂಡು. ಮೀನು ಸಾಯ್ತಾವೆ ಅಂದ್ರೆ ಇವಳಿಗೆ ಮಕ್ಕಳು ಸತ್ತಷ್ಟು ಸಂಕಟ, ನನಗೆ ಗೊತ್ತು, ಈ ಕೆಲಸಕ್ಕೆ ಸೇರಿದಾಗಿಂದ ನೋಡ್ತಿದೀನಿ. ನೀರು ಉಳಿಸ್ಬೇಕು ಅಂತ ಒಂದು ಮಾತು ಆಡ್ತಿದಾಳೆ. ಒಳ್ಳೇ ಮನಸ್ಸಿಂದಾನೇ ಆಡ್ತಿದಾಳೆ."

"ಸುಳ್ಳು," ಎಂದಳು ನೋರೀನ್. ದನಿ ಕೀರಲಾಯಿತು. ಅಂಗಿಯ ಮೇಲೆ ಪಾಕದ ಚೂರು ಬಿದ್ದಿರುವುದು ಅವಳಿಗೆ ಆಗಲೇ ಕಂಡದ್ದು.

"ದೋಣೀಲಿ ನೀವಿಬ್ಬರೂ ಇದ್ರಲ್ಲ," ಎಂದಳು ಗ್ವೆನ್ ಅರ್ಲೀನ್ ಕಡೆ ನೋಡಿ. "ನೀವು ಹೇಳಿ. ಸೇತುವೆ ಕೆಳಗೆ ಗೂಡು ನೋಡಿದ್ರಾ?"

ನೋರೀನ್‌ಗೆ ಒಮ್ಮೆಗೇ ಧೈರ್ಯ ಬಂತು. ಅರ್ಲೀನ್ ಇದ್ದಾಳಲ್ಲ. ಅವಳ ಅಜ್ಜಿಯ ಅಡುಗೆಮನೆಯ ಮೇಲಿನ ನೀರನ್ನೇ ಕದ್ದು ಮಾರುತ್ತಿದ್ದಾರೆ, ಅವಳಿಗಿಂತ ಹೆಚ್ಚು ಉರಿಯುವುದು ಯಾರಿಗೆ. ಆವತ್ತು ತಾನು ಬಾಯಿ ಮುಚ್ಚಿಸಿದ್ದಕ್ಕೆ ಈಗ ಅವಳ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ, ಹೊರಗೆ ಹೋದೊಡನೆ ಕೇಳುತ್ತೇನೆ. ಪಕ್ಕಕ್ಕೆ ತಿರುಗಿದಳು. ಅರ್ಲೀನ್ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಹಗ್ಗ ಎಳೆದು ಎಳೆದು ಒರಟಾದ, ಬೆರಳ ಸಂದಿನಲ್ಲಿ ಮೀನಿನ ರಕ್ತ ಒಣಗಿದ ಕೈಗಳು. ಅವಳು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

"ಇಲ್ಲ," ಎಂದಳು. "ಅಲ್ಲಿ ನಾವೇನೂ ನೋಡಿಲ್ಲ."

ಗ್ವೆನ್ ಪೆನ್ನು ಎತ್ತಿಕೊಂಡಳು. ಸಭೆ ಮುಂದುವರಿಯಿತು. ಮುಂದೆ ಭತ್ತದವರದೇ ಏನೋ ಇತ್ತು. ನಿಂತಿದ್ದವಳು ಕೂರುವಾಗ ಹಾಳೆ ಮತ್ತೆ ಸದ್ದು ಮಾಡಿತು, ಯಾರೂ ತಿರುಗಿ ನೋಡಲಿಲ್ಲ. ತಾನು ಈಗ ಏನೋ ಹೇಳಿದೆನೇ ಅಥವಾ ಹೇಳಬೇಕೆಂದುಕೊಂಡು ಸುಮ್ಮನೆ ಕೂತಿದ್ದೆನೇ ಎಂದು ಅವಳಿಗೆ ಗೊಂದಲವಾಗುವಷ್ಟು ಬೇಗ ಆ ಕೋಣೆ ಅವಳ ಮಾತನ್ನು ಮರೆತಿತ್ತು. ಪಕ್ಕದಲ್ಲಿ ಅರ್ಲೀನ್ ಉಸಿರಾಡುತ್ತಿದ್ದಳು. ಇಷ್ಟು ವರ್ಷ ಬೆನ್ನ ಹಿಂದೆ ಕೇಳಿ ಕೇಳಿ ತನ್ನದೇ ಅನ್ನಿಸಿದ್ದ ಉಸಿರು. ನೋರೀನ್‌ಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ; ತುಂಬ ಸಣ್ಣವಳಾದೆ ಅನ್ನಿಸಿತು, ಅಷ್ಟೆ.

ಹೊರಗೆ ಬಿಸಿಲು ಕೆಂಡವಾಗಿತ್ತು. ಅರ್ಲೀನ್ ಟ್ರಕ್ಕಿಗೆ ಹತ್ತಿ ಕೂತಿದ್ದಳು. ನೋರೀನ್ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಮರ್ವಿನ್ ಬೇಗ ಬೇಗ ಹೆಜ್ಜೆ ಹಾಕಿ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. ತಿರುಗಿ ಕಪಾಳಕ್ಕೆ ಬಾರಿಸಬೇಕು ಎಂದುಕೊಂಡಳು. ಅವನ ಮುಖದಲ್ಲಿ ನಿಜವಾದ ಕಳವಳವಿತ್ತು.

"ಎಂಥಾ ಕೆಲಸ ಮಾಡಿಕೊಳ್ತಿದ್ದೆ ಹುಡುಗಿ. ಪಿಂಚಣಿ, ಮನೆ ಎಲ್ಲಾ ಹೋಗ್ತಿತ್ತಲ್ಲ."

"ಅಕ್ಟೋಬರ್‌ವರೆಗೆ ಅಂದಿದ್ದೆ ನೀನು."

"ಪ್ರಯತ್ನ ಮಾಡಿದ್ನಲ್ಲ. ಮೇಲಿಂದ ಒತ್ತಡ ಬಂತು, ನಾನೊಬ್ಬ ಏನು ಮಾಡ್ಲಿ? ಹೋಗ್ಲಿ ಬಿಡು. ಗ್ವೆನ್ ಹತ್ರ ಮಾತಾಡಿದೀನಿ, ನೀನು ಆಡಿದ್ದು ಎಲ್ಲೂ ದಾಖಲಾಗಲ್ಲ. ನಾಳೆ ಒಂದಿನ ರಜ ಹಾಕಿ ಮಲ್ಕೋ. ನಾನು ನೋಡ್ಕೊಳ್ತೀನಿ."

"ಥ್ಯಾಂಕ್ಸ್ ಮರ್ವಿನ್," ಎಂದಳು ಅವಳು.

ಬಾಯಿಂದ ಬಂದುಬಿಟ್ಟಿತು. ಇಷ್ಟು ವರ್ಷ ಪ್ರತಿ ಗುರುವಾರ ಬಂದ ಹಾಗೆ, ಅದೇ ದನಿಯಲ್ಲಿ, ಕೊಂಚ ತಲೆ ಓರೆ ಮಾಡಿಕೊಂಡು. ಅವನು ಹೆಗಲು ತಟ್ಟಿ ಹೋದ. ಟ್ರಕ್ಕಿನ ಕಿಟಕಿ ತೆರೆದೇ ಇತ್ತು. ಅರ್ಲೀನ್ ಎದುರಿನ ಗಾಜು ನೋಡುತ್ತ ಕೂತಿದ್ದಳು.

ಅರ್ಲೀನ್ ಟ್ರಕ್ಕನ್ನು ಹೆದ್ದಾರಿಗೆ ತಂದಳು. ಹಿಂದೆ ಬಂಡಿಯ ಮೇಲಿದ್ದ ದೋಣಿ ಹಳ್ಳ ಬಂದಾಗಲೆಲ್ಲ ಗಡಗಡ ಎನ್ನುತ್ತಿತ್ತು. ದಾರಿಯುದ್ದಕ್ಕೂ ಎಡಗಡೆ ನದಿ ಕಾಣುತ್ತದೆ, ಹೊಗೆಯಲ್ಲಿ ಮಾಸಿದ ನೀರು ಮೊದಲಿನ ಹಾಗೆಯೇ ಹರಿಯುತ್ತಿತ್ತು.

"ಯಾಕೆ?" ಎಂದಳು ನೋರೀನ್ ಕೊನೆಗೆ. "ನಿಲ್ತಿತ್ತು ಕಣೇ. ಅವಳೇ ಹೇಳಿದ್ಲಲ್ಲ, ಇವತ್ತೇ ನಿಲ್ಲಿಸಬೇಕಾಗುತ್ತೆ ಅಂತ."

"ನೀರು ನಿಲ್ತಿರ್ಲಿಲ್ಲ. ಎಣಿಕೆ ನಿಲ್ತಿತ್ತು." ಅರ್ಲೀನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಆ ಕಾಲುವೆಯೋನು ಅದಕ್ಕೇ ಕಾಯ್ತಿದಾನೆ. ಇವರ ಎಣಿಕೇನೇ ಸುಳ್ಳು, ಇವರ ಗೂಡೆಲ್ಲಾ ಸುಳ್ಳು, ದೋಣಿ ಕಿತ್ಕೊಳ್ಳಿ ಅಂತಿದ್ದ. ಕಿತ್ಕೊಂಡಿದ್ರೆ ಮತ್ತೆ ಯಾವಾಗ ಕೊಡ್ತಿದ್ರು? ಆ ಜಾಗಕ್ಕೋಸ್ಕರ ನಮ್ಮಮ್ಮ ಸಾಯೋವರೆಗೂ ಓಡಾಡಿದ್ಲು."

"ಈ ವರ್ಷದ್ದೆಲ್ಲಾ ಸಾಯ್ತವೆ."

"ಸಾಯ್ತವೆ," ಎಂದಳು ಅರ್ಲೀನ್. ಸ್ವಲ್ಪ ದೂರ ಹಾಗೆಯೇ ಓಡಿಸಿದಳು.

"ನಾನು ಒಬ್ಬಳೇ ಆಗ್ಬಿಟ್ಟೆ ಅಲ್ಲಿ," ಎಂದಳು ನೋರೀನ್. ಹೇಳಬಾರದೆಂದುಕೊಂಡಿದ್ದಳು, ಮಗುವಿನ ದೂರಿನ ಹಾಗೆ ಬಂದುಬಿಟ್ಟಿತು. "ಎಲ್ಲರೆದುರು. ನೀನು ನನ್ನ ಬಿಟ್ಬಿಟ್ಟೆ."

ಅರ್ಲೀನ್ ಮೊದಲ ಸಲ ಅವಳ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು. ದನಿಯಲ್ಲಿ ಕೋಪ ಎಳ್ಳಷ್ಟೂ ಇರಲಿಲ್ಲ.

"ನಿಂಗೇನೇ," ಎಂದಳು, "ಮರ್ವಿನ್ ಇದ್ದಾನಲ್ಲ."